ಒಂಟೆಗೆ ಗಾದಿ

ಮಕ್ಕಳ ಕಥೆ ಬರೆಯುವವರನ್ನು ಶಾಲೆಗೆ ಕರೆದರೆ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: ನೀವು ಎಲ್ಲಿ ಕೂತು ಬರೆಯುತ್ತೀರಿ? ಗದಗಿನ ಒಂದು ಶಾಲೆಯಲ್ಲಿ ಈ ಪ್ರಶ್ನೆ ಮೊದಲ ಸಲ ಎದುರಾದಾಗ ನಾನು ಹಸಿ ಹಸಿ ಸುಳ್ಳು ಹೇಳಿದೆ. ಕಿಟಕಿಯ ಪಕ್ಕ ಒಂದು ಮೇಜಿದೆ, ಅದರ ಮೇಲೆ ಹೂದಾನಿ ಇದೆ, ಬೆಳಿಗ್ಗೆ ಎದ್ದು ಅಲ್ಲಿ ಕೂತು ಬರೆಯುತ್ತೇನೆ ಅಂದೆ. ಹೂದಾನಿ ಸ್ವಲ್ಪ ಹೆಚ್ಚಾಯಿತು ಅಂತ ನನಗೇ ಅನ್ನಿಸಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮನೆಯವರು ಕರವಸ್ತ್ರ ಬಾಯಿಗೊತ್ತಿಕೊಂಡು ಕೆಮ್ಮಿದ ಹಾಗೆ ಮಾಡಿದರು. ಲಕ್ಷ್ಮೇಶ್ವರಕ್ಕೆ ವಾಪಸು ಬರುವಾಗ ಬಸ್ಸು ಮುಳಗುಂದ ದಾಟಿದ ಮೇಲೆ ಮೆಲ್ಲಗೆ ಕೇಳಿದರು.

"ಹೂದಾನಿ ಯಾವಾಗ ತಂದಿ? ನನಗ ಖಬರನ ಇಲ್ಲಲಾ."

ನಮ್ಮ ಮನೆಯಲ್ಲಿ ಹೂದಾನಿಯೂ ಇರಲಿಲ್ಲ, ಮೇಜೂ ಇರಲಿಲ್ಲ. ನಾವು ಪಿಂಜಾರರು. ಅರಳೆ ಹಿಂಜುವುದು, ಗಾದಿ ಹೊಲಿಯುವುದು ನಮ್ಮನೆಯವರ ಕೆಲಸ. ಊರವರು ಬಿಚ್ಚಿ ಹೊಲಿಯಲು ತಂದು ಹಾಕಿದ ಹಳೆ ಗಾದಿಗಳು ಪಡಸಾಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅವುಗಳ ಮೇಲೆ ಹತ್ತಿ ಕೂತು, ಮೊಣಕಾಲಿನ ಮೇಲೆ ರಟ್ಟು ಇಟ್ಟುಕೊಂಡು ಬರೆಯುವುದು ನನ್ನ ರೂಢಿ. ಕಾಗದವೂ ಕೊಂಡದ್ದಲ್ಲ. ಗದಗ-ಬೆಟಗೇರಿಯ ಪ್ರೆಸ್ಸುಗಳಲ್ಲಿ ಅಚ್ಚಾದ ಲಗ್ನಪತ್ರಿಕೆಗಳು ಮನೆಮನೆಗೂ ಬರುತ್ತವೆ. ಅವುಗಳ ಹಿಂದಿನ ಬಿಳಿ ಮಗ್ಗುಲು ನನ್ನದು. ನಾನು ಬರೆದ ಮೊದಲ ಹತ್ತು ಹನ್ನೆರಡು ಕಥೆಗಳ ಬೆನ್ನಿಗೆ ಯಾರ್ಯಾರದೋ ಮದುವೆಗಳಿವೆ. ನನಗೆ ಅಂಗನವಾಡಿಯಲ್ಲಿ ಕೆಲಸ. ಮಧ್ಯಾಹ್ನ ಮೇಲೆ ಮಕ್ಕಳನ್ನು ಕಳಿಸಿ, ಮನೆಗೆ ಬಂದು ಒಂದು ಕಪ್ ಚಹಾ ಕುಡಿದು ಗಾದಿ ಹತ್ತಿದರೆ, ಸೂರ್ಯ ಮುಳುಗಿದಾಗಲೇ ಕೆಳಗೆ ಇಳಿಯುವುದು.

ನಮಗೆ ಮಕ್ಕಳಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುವವರು ಬಿಡುವುದಿಲ್ಲ. ಅದಕ್ಕೇ ಮಕ್ಕಳ ಕಥೆ ಬರೆಯುತ್ತಾಳೆ ಅಂತ ಕೆಲವರು ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಾರೆ. ನಾನು ಮುಂಡರಗಿಯ ತವರಿನಲ್ಲಿ ಏಳನೆಯ ಇಯತ್ತೆಯಲ್ಲಿದ್ದಾಗಲೇ ನೋಟ್‌ಬುಕ್ಕಿನಲ್ಲಿ ಅಳಿಲಿನ ಕಥೆ ಬರೆದು ಪೆಟ್ಟು ತಿಂದವಳು. ಮಕ್ಕಳಿಲ್ಲದ ಬೇಸರ ನಮ್ಮಿಬ್ಬರಲ್ಲಿ ಅವರಿಗೇ ಹೆಚ್ಚು. ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಊರೂರಿನ ಮಕ್ಕಳನ್ನು ತಮ್ಮವೇ ಮಾಡಿಕೊಂಡು ತಿರುಗಿದರು.

ಹಿಂಜುವ ಬಿಲ್ಲನ್ನು ನೋಡದವರಿಗೆ ಒಂದೆರಡು ಮಾತು ಹೇಳಬೇಕು. ಆಳುದ್ದದ ಮರದ ಬಿಲ್ಲು, ಅದಕ್ಕೆ ಬಿಗಿದ ನರದ ಹಗ್ಗ. ಅದನ್ನು ಜಂತಿಗೆ ತೂಗುಹಾಕಿ, ಹಗ್ಗವನ್ನು ಅರಳೆಯೊಳಗೆ ಇಳಿಸಿ, ಮರದ ಕೊಡತಿಯಿಂದ ಹೊಡೆಯುತ್ತಾರೆ. ಡಂಯ್ ಅನ್ನುತ್ತದೆ. ಗಂಟುಗಟ್ಟಿದ ಅರಳೆ ಬಿಚ್ಚಿಕೊಂಡು ಮೇಲಕ್ಕೆ ಹಾರುತ್ತದೆ. ದಿನವಿಡೀ ಡಂಯ್ ಡಂಯ್. ನೆರೆಯವರು ಆ ಸದ್ದಿಗೆ ಬೈಯುತ್ತಿದ್ದರು, ನಾನು ಆ ಸದ್ದಿಲ್ಲದೆ ಒಂದು ಸಾಲು ಬರೆಯಲಾರೆ. ಅದು ರಾಗಕ್ಕಲ್ಲ, ಪರೀಕ್ಷೆಗೆ.

ಬರೆದದ್ದನ್ನು ನಾನು ಗಾದಿಯ ಮೇಲಿಂದಲೇ ಗಟ್ಟಿಯಾಗಿ ಓದುತ್ತಿದ್ದೆ. ಅವರು ಕೆಳಗೆ ಹಿಂಜುತ್ತಿದ್ದರು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವರು. ಚಲೋ ಐತಿ, ಚಲೋ ಇಲ್ಲ ಅಂತ ಒಂದು ದಿನವೂ ಹೇಳಿದವರಲ್ಲ. ಹೇಳುತ್ತಿದ್ದದ್ದು ಅವರ ಕೈ. ಕಥೆ ಹಿಡಿದರೆ ಎತ್ತಿದ ಕೊಡತಿ ಗಾಳಿಯಲ್ಲೇ ನಿಲ್ಲುತ್ತಿತ್ತು. ನನ್ನ ಬರಹ ಸಪ್ಪೆಯಾದ ಕಡೆ ಮತ್ತೆ ಡಂಯ್ ಅನ್ನುತ್ತಿತ್ತು. ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು.

"ಹೇಣ್ತಿ ಬಾಯಿ ಒಣಗಿಸಿಕೊಂಡು ಓದಾಕ ಹತ್ಯಾಳ, ನೀವು ಬಡ್ಯಾಕ ಹತ್ತೀರಲ್ರಿ!"

"ನಾ ಏನ್ ಮಾಡ್ಲಿ? ಕೈ ತಾನ ನಡೀತು."

ಒಂದು ಸಲ ಅಳಿಲಿನ ತಾಯಿ ಮರಿಗೆ ಬುದ್ಧಿ ಹೇಳುವ ಇಡೀ ಪುಟ ಓದಿದೆ. ಬಹಳ ಚೆನ್ನಾಗಿ ಬರೆದಿದ್ದೇನೆ ಅಂತ ನನಗೆ ಗರ್ವ. ಪುಟ ಮುಗಿಯುವುದರೊಳಗೆ ಅರ್ಧ ದಿಂಬಿನಷ್ಟು ಅರಳೆ ಹಿಂಜಿ ಮುಗಿಸಿದ್ದರು. ಲಗ್ನಪತ್ರಿಕೆ ಹರಿದು ಒಲೆಗೆ ಹಾಕಿದೆ, ಆ ಹೊತ್ತು ಅವರನ್ನು ಊಟಕ್ಕೂ ಕರೆಯಲಿಲ್ಲ. ಮರುದಿನ ತಣ್ಣಗಾಗಿ ಯೋಚಿಸಿದಾಗ ಕೈ ಹೇಳಿದ್ದೇ ಖರೆ ಅನ್ನಿಸಿತು. ಅಂದಿನಿಂದ ಡಂಯ್ ಅಂದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುವುದು, ಆ ಸಾಲನ್ನು ಹೊಡೆದುಹಾಕುವುದು. ದಿನಪತ್ರಿಕೆಯ ಭಾನುವಾರದ ಪುಟದಲ್ಲಿ ನನ್ನ ಕಥೆಗಳು ಬರತೊಡಗಿದಾಗ, ಎಷ್ಟು ಬಿಗಿಯಾಗಿ ಬರೆಯುತ್ತೀರಿ ಅಂತ ಒಬ್ಬರು ಕಾರ್ಡು ಹಾಕಿದ್ದರು. ಬಿಗಿ ನನ್ನದಲ್ಲ, ಆ ಹಗ್ಗದ್ದು ಅಂತ ಅವರಿಗೆ ಹೇಗೆ ಬರೆಯಲಿ? ಅಷ್ಟು ನಂಬಿದ್ದ ಆ ಕೈಯನ್ನು ನಾನು ಒಮ್ಮೆ ತಪ್ಪು ಓದಿದೆ. ಅದನ್ನು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಅವರಿಗೂ ಒಂದು ಕಥೆ ಇತ್ತು. ಅದು ನನಗೆ ಗೊತ್ತಾದದ್ದು ಮದುವೆಯಾಗಿ ಬಹಳ ವರ್ಷಗಳ ಮೇಲೆ, ಅದೂ ಶಿಗ್ಲಿಯಲ್ಲಿ.

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೇಲೆ ಅವರು ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿಗಳಿಗೆ ಹೊರಡುತ್ತಿದ್ದರು. ದೂರದ ಊರಾದರೆ ಬಸ್ಸಿನ ಮೇಲೆ. ಶಿಗ್ಲಿ, ಬೆಳ್ಳಟ್ಟಿ, ಶಿರಹಟ್ಟಿ, ಆಚೆ ಅಸುಂಡಿ, ಮುಂಡರಗಿಯ ನನ್ನ ತವರಿನ ಓಣಿ. ಕಾಯಂ ಮನೆಗಳು. ದೊಡ್ಡ ಸಂಸಾರಗಳಲ್ಲಿ ವರ್ಷಕ್ಕೆ ಎರಡು ಮೂರು ಗಾದಿ ಬಿಚ್ಚಿ ಹೊಲಿಯುವುದಿರುತ್ತಿತ್ತು. ಒಂದು ರಜೆಯ ದಿನ ಶಿಗ್ಲಿಯಲ್ಲಿ ನನಗೂ ಕೆಲಸವಿತ್ತು, ಜೊತೆಗೆ ಹೋದೆ. ನನ್ನ ಕೆಲಸ ಮುಗಿಸಿ ಅವರು ಕೆಲಸ ಮಾಡುತ್ತಿದ್ದ ಮನೆಯ ಅಂಗಳಕ್ಕೆ ಕಾಲಿಟ್ಟರೆ ಹದಿನೈದು ಹುಡುಗರು ಅರಳೆಯ ರಾಶಿಯ ಸುತ್ತ ಕೂತಿದ್ದಾರೆ, ಒಬ್ಬರೂ ಅರಳೆಗೆ ಕೈ ಹಚ್ಚುತ್ತಿಲ್ಲ. ಮಕ್ಕಳು ಅರಳೆಯಲ್ಲಿ ಹೊರಳಾಡದ ಹಾಗೆ ನೋಡಿಕೊಳ್ಳುವುದೇ ಈ ಕೆಲಸದಲ್ಲಿ ದೊಡ್ಡ ಕಷ್ಟ. ಅದಕ್ಕೆ ಅವರು ಹೂಡಿದ ಉಪಾಯ ಈ ಕಥೆ.

ಕಥೆ ಒಂದು ಒಂಟೆಯದು. ಊರೂರು ತಿರುಗುವವರ ಗುಂಪಿನಿಂದ ತಪ್ಪಿಸಿಕೊಂಡ ಒಂಟೆ ನಮ್ಮ ಸೀಮೆಗೆ ಬಂದಿದೆ. ಅದಕ್ಕೆ ನಿದ್ದೆ ಬಂದಿದೆ. ಆದರೆ ಬೆನ್ನ ಮೇಲೆ ಡುಬ್ಬ. ಹಾಗಾಗಿ ಅದಕ್ಕೆ ಸರಿಹೊಂದುವ ಗಾದಿಯೇ ಎಲ್ಲೂ ಇಲ್ಲ. ಅಂಗಾತ ಮಲಗಿದರೆ ಡುಬ್ಬ ಚುಚ್ಚುತ್ತದೆ, ಮಗ್ಗುಲಾದರೆ ಕಾಲುಗಳು ಗಾದಿಯಾಚೆ ಹೋಗುತ್ತವೆ. ಮನೆಮನೆಯ ಬಾಗಿಲು ಬಡಿದು ಗಾದಿ ಕೇಳುತ್ತ ಹೊರಟಿದೆ. ಯಾವ ಊರಿನಲ್ಲಿ ಕೆಲಸವೋ ಒಂಟೆ ಆ ಊರಿಗೇ ಬಂದಿರುತ್ತದೆ, ಆ ಮನೆಯ ಬಾಗಿಲಲ್ಲೇ ನಿಂತಿರುತ್ತದೆ. ದಬ್ಬಣದಿಂದ ಕೊನೆಯ ಹೊಲಿಗೆ ಹಾಕಿ ದಾರ ಕಡಿದ ಕೂಡಲೆ ಕಥೆ ನಿಲ್ಲುತ್ತಿತ್ತು. ಎಲ್ಲಿದೆಯೋ ಅಲ್ಲೇ.

"ಆಮ್ಯಾಲೆ ಏನಾತ್ರಿ ಕಾಕಾ?" ಹುಡುಗರು ಬೆನ್ನು ಹತ್ತಿದವು.

"ಮುಂದಿನ ವರ್ಷ ಬರ್ತೀನಲಾ, ಆವಾಗ ಹೇಳ್ತೀನಿ. ಅಲ್ಲೀತನಾ ಒಂಟಿ ನಿಂತಿರ್ತೈತಿ."

"ನಿಂತು ನಿಂತು ಅದರ ಕಾಲು ನೋಯಂಗಿಲ್ಲೇನ್ರಿ?"

"ನಾಕು ಕಾಲು ಅದಾವಲ್ಲೋ. ಪಾಳಿ ಮ್ಯಾಲೆ ನೋಯ್ತಾವು."

ದಾರಿಯಲ್ಲಿ ನಾನು ಕೇಳಿದೆ, ಕೊನೆಗೆ ಒಂಟೆ ಎಲ್ಲಿ ಮಲಗುತ್ತದೆ ಅಂತ. ಅವರು ನನ್ನನ್ನೇ ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. ಅದಕ್ಕೆ ಕೊನೆ ಇಲ್ಲವಂತೆ. ಯಾವ ಮನೆಯಲ್ಲಿ ಎಲ್ಲಿ ಬಿಟ್ಟಿದ್ದಾರೆ ಅನ್ನುವುದು ಮಾತ್ರ ಅವರ ತಲೆಯಲ್ಲಿ ಅಚ್ಚೊತ್ತಿತ್ತು.

"ಶಿಗ್ಲ್ಯಾಗ ಒಂಟಿ ಬಾಗಲದಾಗ ಸಿಕ್ಕೊಂಡೈತಿ. ಬೆಳ್ಳಟ್ಟ್ಯಾಗ ಕುತಗಿಗೆ ದಿಂಬು ಸಾಲವಲ್ದು, ಹದಿನಾಕು ಆಗ್ಯಾವು, ಇನ್ನೂ ಬೇಕು. ಮುಂಡರಗ್ಯಾಗ ಒಂದು ಹುಡಿಗಿ ಜೋಡಿ ಸಿಟ್ಟು ಮಾಡ್ಕೊಂಡು ಹೊಳ್ಳಿ ನಿಂತೈತಿ. ಆಕಿ ಸಮಾಧಾನ ಮಾಡ್ಬೇಕಲಾ, ಮುಂದಿನ ವರ್ಷ ಹೋಗಬೇಕು."

ಕಥೆಗೆ ಕೊನೆ ಇಲ್ಲ ಅನ್ನುವುದು ನನಗೆ ತಡೆಯಲಾರದ ಮಾತು. ಅರಳೆ ತುಂಬಿದ ಖೋಳದ ಬಾಯಿ ಹೊಲಿಯದೆ ಗಾದಿ ಕೊಟ್ಟರೆ ಯಾರಾದರೂ ಒಪ್ಪುತ್ತಾರೆಯೇ ಅಂತ ಜಗಳ ತೆಗೆದೆ. ಅವರು ನಕ್ಕು ಸೈಕಲ್ ತುಳಿದರು.

ಗದಗ ಹೊಸ ಜಿಲ್ಲೆಯಾದ ಹೊತ್ತು. ಕಚೇರಿಗಳ ಬೋರ್ಡುಗಳನ್ನೆಲ್ಲ ಬಳಿದು ಹೊಸದಾಗಿ ಬರೆಯುತ್ತಿದ್ದರು. ಇನ್ನು ಯಾವುದಕ್ಕೂ ಧಾರವಾಡಕ್ಕೆ ಓಡಬೇಕಾಗಿಲ್ಲ ಅಂತ ಜನರಿಗೆ ಒಂದು ಹುರುಪು. ಆ ಹುರುಪಿನಲ್ಲೇ ಗದಗಿನ ಒಬ್ಬ ಪ್ರೆಸ್ಸಿನವರು, ನಮ್ಮ ಜಿಲ್ಲೆಯ ಮಕ್ಕಳಿಗೆ ನಮ್ಮ ಜಿಲ್ಲೆಯದೇ ಒಂದು ಕಥೆ ಪುಸ್ತಕ ಮಾಡೋಣ ಅಂತ ನನಗೆ ಹೇಳಿ ಕಳಿಸಿದರು. ನನ್ನ ಮೊದಲ ಪುಸ್ತಕ. ಅಳಿಲು, ಮೊಲ ಎಲ್ಲ ಬೇರೆ ಊರಿನವು ಅನ್ನಿಸಿದವು. ಒಂಟೆ ನೆನಪಾಯಿತು. ಅವರು ಊಟಕ್ಕೆ ಕೂತಾಗ ಕೇಳಿದೆ.

"ರೀ, ಒಂಟಿ ಕಥಿ ನಾ ಬರೀಲ್ಯಾ?"

"ಬರಿ. ಒಂಟಿ ಏನು ನಾ ಸಾಕಿದ್ದೇನು?" ಅಂದರು. ರೊಟ್ಟಿ ಮುರಿದು ಪಲ್ಲೆಯಲ್ಲಿ ಅದ್ದಿಕೊಂಡರು. ಅಷ್ಟಕ್ಕೇ ನಾನು ಎಲ್ಲದಕ್ಕೂ ಅಪ್ಪಣೆ ಸಿಕ್ಕಿತು ಅಂದುಕೊಂಡೆ.

ಇಪ್ಪತ್ತು ದಿನ ಬರೆದೆ. ಒಂಟೆ ಶಿಗ್ಲಿಯಿಂದ ಬೆಳ್ಳಟ್ಟಿಗೆ, ಶಿರಹಟ್ಟಿಗೆ, ಮುಂಡರಗಿಗೆ ನಡೆಯಿತು. ಮತ್ತು ಕೊನೆಗೆ ಮಲಗಿತು. ಗದಗಿನ ಹತ್ತಿ ಮಾರುಕಟ್ಟೆಗೆ ಬಂದು, ಬಿಡಿ ಹತ್ತಿಯ ಗುಡ್ಡದ ಮೇಲೆ ಬೆನ್ನು ಹಾಕಿತು. ಡುಬ್ಬ ಇದ್ದ ಕಡೆ ಹತ್ತಿ ತಾನೇ ತಗ್ಗಾಯಿತು, ಕುತ್ತಿಗೆ ಇದ್ದ ಕಡೆ ತಾನೇ ಏರಿತು. ಒಂಟೆ ಗೊರಕೆ ಹೊಡೆಯತೊಡಗಿತು. ಇದು ಹೊಳೆದಾಗ ನಾನು ಗಾದಿಯ ಮೇಲಿಂದ ಕೆಳಗೆ ಜಿಗಿದಿದ್ದೆ. ಈಗಲೂ ಹೇಳುತ್ತೇನೆ, ಒಳ್ಳೆಯ ಕೊನೆ ಅದು.

ಓದಿ ತೋರಿಸಿದ ದಿನ ಅವರು ಹಿಂಜುತ್ತಿದ್ದರು. ಒಂಟೆ ಬಾಗಿಲಲ್ಲಿ ಸಿಕ್ಕಿಕೊಂಡ ಜಾಗದಲ್ಲಿ ಕೈ ಸ್ವಲ್ಪ ತಡೆಯಿತು, ಆಮೇಲೆ ನಡೆಯಿತು. ಹತ್ತಿಯ ಗುಡ್ಡ ಬಂದಾಗ ಕೊಡತಿ ಮೇಲೆ ಹೋದದ್ದು ಅಲ್ಲೇ ನಿಂತಿತು. ನಾನು ಓದಿ ಮುಗಿಸಿದೆ, ಕೈ ಇನ್ನೂ ಮೇಲೇ ಇತ್ತು. ಅಷ್ಟು ಹೊತ್ತು ಅದು ಎಂದೂ ನಿಂತಿರಲಿಲ್ಲ. ಗೆದ್ದೆ ಅಂದುಕೊಂಡೆ. ಅವರು ಕೊಡತಿಯನ್ನು ಕೆಳಗಿಟ್ಟು, "ನೀರು ಕುಡದು ಬರ್ತೀನಿ" ಅಂತ ಒಳಗೆ ಹೋದರು. ನಾನು ಆ ದಿನವೇ ಕಥೆಯನ್ನು ಲಕೋಟೆಗೆ ಹಾಕಿದೆ.

ಪುಸ್ತಕ ಬಂತು. ಚಿತ್ರ ಬರೆದವರು ಒಂಟೆಯನ್ನು ಹತ್ತಿರದಿಂದ ನೋಡಿದವರಲ್ಲ ಅಂತ ಕಾಣುತ್ತದೆ, ಎಮ್ಮೆಗೆ ಡುಬ್ಬ ಬಂದ ಹಾಗಿತ್ತು. ಒಳಪುಟದಲ್ಲಿ ನನ್ನ ವಿಳಾಸದ ಕೆಳಗೆ, ರೂಢಿಬಲದಿಂದ, ತಾಲ್ಲೂಕು ಶಿರಹಟ್ಟಿ, ಜಿಲ್ಲೆ ಧಾರವಾಡ ಅಂತ ಬಿದ್ದಿತ್ತು! ಹೊಸ ಜಿಲ್ಲೆಯ ಪುಸ್ತಕ ಅಂತ ಹೊರಟು ಹಳೆ ಜಿಲ್ಲೆಯನ್ನೇ ಅಚ್ಚು ಹಾಕಿದ್ದೆವು. ಗದಗ ಅಂತ ಅಚ್ಚಾದ ಚೀಟಿಗಳನ್ನು ಪ್ರತಿಯೊಂದಕ್ಕೂ ಅಂಟಿಸಬೇಕಾಯಿತು. ನಮ್ಮನೆಯವರು ಮೈದಾಹಿಟ್ಟಿನ ಅಂಟು ಕಲಸಿಕೊಂಡು ಎರಡು ದಿನ ಕೂತು ಅಂಟಿಸಿದರು. ಒಂದು ಚೀಟಿಯೂ ಸೊಟ್ಟಗಾಗಲಿಲ್ಲ. ಕಥೆಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಅವರ ಸ್ವಭಾವವೇ ಹಾಗೆ ಅಂದುಕೊಂಡೆ.

ಶಾಲೆಗಳು ಪುಸ್ತಕ ತರಿಸಿಕೊಂಡವು. ಮಕ್ಕಳು ಓದಿದರು. ಮಳೆ ನಿಂತು ಅವರು ಮತ್ತೆ ಊರುಗಳಿಗೆ ಹೊರಟರು. ಆ ವರ್ಷ ಅವರು ಮನೆಗೆ ಬೇಗ ಬರುತ್ತಿದ್ದರು. ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಒಳ್ಳೆಯದೇ ಆಯಿತು ಅಂತ ನಾನು ಹೊಸ ಕಥೆ ಓದಲು ಕೂತರೆ, ಕೇಳುತ್ತಿದ್ದರೋ ಇಲ್ಲವೋ, ಕೈ ಒಂದೇ ಸಮ ಡಂಯ್ ಡಂಯ್ ಅನ್ನುತ್ತಿತ್ತು. ಎಲ್ಲಾ ಸಾಲಿಗೂ ಗೆರೆ ಎಳೆಯುವ ಹಾಗಾಯಿತು. ರಂಜಾನಿಗೆ ಮಾಡಿದ ಸುರಕುಂಬಾ ಪಾಯಸವನ್ನು ಎರಡನೆಯ ಸಲ ಕೇಳಲಿಲ್ಲ. ಮೈಗೆ ಸರಿಯಿಲ್ಲವೇನೋ ಅಂತ ದವಾಖಾನೆಗೂ ಕರೆದುಕೊಂಡು ಹೋದೆ. ಡಾಕ್ಟರು ಏನೂ ಇಲ್ಲ ಅಂದರು.

ಬೆಳ್ಳಟ್ಟಿಯ ಶಾಲೆಯವರು ನನ್ನನ್ನು ಕರೆದಿದ್ದರು. ಮಕ್ಕಳು ಒಂಟೆಯ ಕಥೆಯ ಕೊನೆಯ ಪುಟವನ್ನು ಬಾಯಿಪಾಠ ಒಪ್ಪಿಸಿದರು. ಒಬ್ಬಳು ಗೊರಕೆ ಹೊಡೆದೂ ತೋರಿಸಿದಳು. ನಾನು ಉಬ್ಬಿ ಹೋದೆ. ಅದೇ ದಿನ ನಮ್ಮನೆಯವರಿಗೂ ಅದೇ ಊರಲ್ಲಿ ಕೆಲಸವಿತ್ತು, ಒಂಟೆಗೆ ಹದಿನಾಲ್ಕು ದಿಂಬು ಸಾಲದಿದ್ದ ಮನೆಯಲ್ಲಿ. ಶಾಲೆ ಮುಗಿಸಿ ಅಲ್ಲಿಗೆ ಹೋದೆ. ಅಂಗಳದಲ್ಲಿ ಅವರು ಒಬ್ಬರೇ ಇದ್ದರು. ಅರಳೆ ರಾಶಿಯ ಸುತ್ತ ಒಂದು ಮಗುವೂ ಇರಲಿಲ್ಲ. ಆ ಮನೆಯ ಮಕ್ಕಳು ಹಿತ್ತಲಲ್ಲಿ ಏನೋ ಆಡುತ್ತಿದ್ದವು, ಸದ್ದು ಕೇಳುತ್ತಿತ್ತು. ಅವರು ತಲೆ ಎತ್ತದೆ ಹಿಂಜುತ್ತಿದ್ದರು.

ಮನೆಯ ಹಿರಿಯಮ್ಮ ನನಗೆ ಚಹಾ ಕೊಟ್ಟರು. ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳಿದರು.

"ಮೊದಲ ಇವರು ಬರ್ತಾರಂದ್ರ ಹುಡುಗೂರು ಕುಣೀತಿದ್ದೂರಿ. ಗಾದಿ ಚಲೋ ಇದ್ರೂ ಬಿಚ್ಚಸು ಅಂತ ಹಟಾ ಮಾಡ್ತಿದ್ದೂ. ಈಗ ಪುಸ್ತಕದಾಗ ಒಂಟಿ ಮಲಗೇತೆಲ್ರಿ, ಕಾಕಾನ್ನ ಏನ್ ಕೇಳೂದು ಅಂತಾವು. ಮುಂದಿನ ವರ್ಷ ಅರಳಿ ಗದಗಿನ ಮಶೀನಿಗೆ ಹಾಕೂಣು ಅಂತಾನ ನಮ್ಮ ಮಗ. ಅಲ್ಲಿ ಜಲ್ದಿ ಆಕ್ಕೈತೆಂತ."

ಚಹಾದ ಕಪ್ಪನ್ನು ಕೆಳಗಿಟ್ಟೆ. ಆಗ ನನಗೆ ಎಲ್ಲಾ ಒಟ್ಟಿಗೇ ತಿಳಿಯಿತು: ಆ ಮನೆಗಳು ಅವರನ್ನು ಕರೆಯುತ್ತಿದ್ದದ್ದು ಹಿಂಜುವುದಕ್ಕೆ ಮಾತ್ರ ಅಲ್ಲ, ಮಕ್ಕಳ ಹಟಕ್ಕೆ. ಅವರು ಹೋಗುತ್ತಿದ್ದದ್ದೂ ಕೂಲಿಗೆ ಮಾತ್ರ ಅಲ್ಲ. ಆ ಮಕ್ಕಳು ಅವರವು. ನಾನು ಒಂದು ಪುಟ ಬರೆದು ಅಷ್ಟೂ ಊರಿನ ಮಕ್ಕಳನ್ನು ಅವರಿಂದ ಕಿತ್ತುಕೊಂಡಿದ್ದೆ.

ಬಸ್ಸಿನಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ತಪ್ಪು ನನ್ನದಾದಾಗಲೇ ನನಗೆ ಸಿಟ್ಟು ಹೆಚ್ಚು ಬರುತ್ತದೆ.

"ಆವತ್ತು ನಾ ಓದಿದಾಗ ನಿಮ್ಮ ಕೈ ನಿಂತಿತ್ತಲ್ರಿ! ಚಲೋ ಆಗೇತಿ ಅಂತನ ನಾ ಕಳಿಸಿದ್ದು."

"ಕೈ ನಿಂತಿತ್ತು ಖರೆ."

"ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

ಅವರು ಕಿಟಕಿಯಾಚೆ ಜೋಳದ ಹೊಲಗಳ ಕಡೆ ತಿರುಗಿದರು.

"ನೀ ಅಷ್ಟು ಖುಷೀಲೆ ಓದಾಕ ಹತ್ತಿದ್ದಿ. ಹೆಂಗ ಹೇಳ್ಲಿ?"

"ಈಗ ಹೇಳ್ರಿ ಮಕ್ಕಳಿಗೆ. ಒಂಟಿ ಎದ್ದಿತು ಅಂತ ಹೇಳ್ರಿ. ಮತ್ತ ನಡಸ್ರಿ ಅದನ್ನ."

"ಬ್ಯಾಡ. ಎಷ್ಟು ವರ್ಷದ ಮ್ಯಾಲೆ ಮಲಗೇತಿ ಪಾಪ. ನೀ ಮಲಗಿಸಿದ್ದನ್ನ ನಾ ಎಬ್ಬಸಂಗಿಲ್ಲ."

ಅವರು ಕೆಟ್ಟ ಮಾತಾಡಿದ್ದರೆ ನಾನೂ ನಾಲ್ಕು ಆಡುತ್ತಿದ್ದೆ. ಮನೆಗೆ ಬಂದವಳೇ ನನ್ನ ಪಾಲಿಗೆ ಉಳಿದಿದ್ದ ಪುಸ್ತಕಗಳ ಕಟ್ಟು ಬಿಚ್ಚಿದೆ. ಖೋಳ ಕತ್ತರಿಸುವ ಅವರ ದೊಡ್ಡ ಕತ್ತರಿ ತೆಗೆದುಕೊಂಡು ಕೊನೆಯ ಹಾಳೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದೆ. ಏಳೋ ಎಂಟೋ ಆಗಿದ್ದವು. ಅವರು ಬಂದು ಕತ್ತರಿ ಕಿತ್ತುಕೊಂಡರು. ಮದುವೆಯಾದ ಮೇಲೆ ಮೊದಲ ಸಲ ನನ್ನ ಮೇಲೆ ದನಿ ಏರಿಸಿದರು.

"ಹುಚ್ಚು ಹಿಡದೈತೇನು ನಿನಗ? ಓದೂ ಹಾಳಿಗೆ ಕತ್ರಿ ಹಾಕ್ತಿಯಾ?"

ಕತ್ತರಿಸಿದ ಹಾಳೆಗಳನ್ನು ತಾವೇ ಆಯ್ದುಕೊಂಡು, ಮತ್ತೆ ಮೈದಾ ಅಂಟು ಕಲಸಿ ಜೋಡಿಸಲು ಕೂತರು. ಅದೂ ಸೊಟ್ಟಗಾಗಲಿಲ್ಲ. ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ. ಅವರನ್ನು ಮದುವೆಯಾಗಿ ಬಂದಾಗಿನಿಂದ ಅವರ ಮೇಲೆ ನನಗೆ ಪ್ರೀತಿ ಇತ್ತು, ಇರಬೇಕಾದಷ್ಟು. ಆ ದಿನ ಬಂದದ್ದು ಬೇರೆ. ಅವರು ಅಂಟು ಬಳಿಯುವುದನ್ನು ಬಾಗಿಲ ಸಂದಿಯಿಂದ ನೋಡುತ್ತ ನಿಂತುಬಿಟ್ಟೆ.

ಆಮೇಲೆ ಬಹಳ ದಿನ ಏನೂ ಬರೆಯಲಿಲ್ಲ. ಗಾದಿಯ ಮೇಲೆ ಹತ್ತುತ್ತಿದ್ದೆ, ಲಗ್ನಪತ್ರಿಕೆ ತಿರುವಿ ಮದುಮಕ್ಕಳ ಹೆಸರು ಓದಿ ಇಳಿಯುತ್ತಿದ್ದೆ. ಅಷ್ಟರಲ್ಲಿ ಪ್ರೆಸ್ಸಿನವರು ಮತ್ತೆ ಹೇಳಿಕಳಿಸಿದರು. ಮೊದಲ ಪ್ರತಿಗಳು ಖಾಲಿಯಾಗಿವೆ, ಎರಡನೆಯ ಸಲ ಅಚ್ಚು ಹಾಕೋಣ, ತಿದ್ದುವುದಿದ್ದರೆ ತಿದ್ದಿ ಅಂತ. ನಾನು ಗದಗಿಗೆ ಹೋದೆ. ನಮ್ಮನೆಯವರಿಗೆ ಬೆಟಗೇರಿಯಲ್ಲಿ ಖೋಳದ ಬಟ್ಟೆ ನೋಡಿಕೊಂಡು ಬರುತ್ತೇನೆ ಅಂತ ಹೇಳಿದ್ದೆ.

ಹತ್ತಿಯ ಗುಡ್ಡದ ಭಾಗ ಪೂರ್ತಿ ತೆಗೆದುಬಿಡಿ ಅಂದೆ. ಅದರ ಬದಲು? ಬದಲು ಏನೂ ಇಲ್ಲ. ಎಡಗಡೆ ಒಂಟೆ ಬಾಗಿಲಲ್ಲಿ ನಿಂತ ಚಿತ್ರ, ಬಲಗಡೆ ಬರೀ ಬಿಳಿ ಹಾಳೆ. ಪ್ರೆಸ್ಸಿನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬಾಯಾರ, ಖಾಲಿ ಹಾಳಿ ಬಿಟ್ರ ಜನಾ ನಮ್ಮ ಪ್ರೆಸ್ಸಿಗೆ ಉಗುಳ್ತಾರ್ರಿ."

"ಉಗುಳ್ಲಿರಿ. ನನ್ನ ಹೆಸರು ಹೇಳ್ರಿ."

ಬಹಳ ವಾದ ಮಾಡಿ ಒಪ್ಪಿದರು. ಜಿಲ್ಲೆ ಈ ಸಲ ಸರಿಯಾಗಿ ಬಿತ್ತು. ಆದರೆ ಅವರು ಅಂದದ್ದೇ ಆಯಿತು. ಗದಗಿನ ಅಂಗಡಿಯವರೊಬ್ಬರು ಇಡೀ ಕಟ್ಟನ್ನು ಸುತ್ತಿ ಪ್ರೆಸ್ಸಿಗೆ ವಾಪಸು ಕಳಿಸಿದರು. ಶಿರಹಟ್ಟಿಯ ಒಬ್ಬ ಹೆಡ್‌ಮಾಸ್ತರರು ನನಗೇ ಪತ್ರ ಬರೆದರು, ಕೊನೆಯ ಪುಟ ಮುದ್ರಣವಾಗಿಲ್ಲ, ದಯಮಾಡಿ ಸರಿಯಾದ ಪ್ರತಿ ಕಳಿಸಿಕೊಡಬೇಕು ಅಂತ. ಪತ್ರ ಓದಿ ನನಗೆ ನಗು, ನಾಚಿಕೆ ಎರಡೂ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಮತ್ತೆ ಓದುವ ಹಾಳೆಗೆ ಕತ್ತರಿ ಹಾಕಿದೆ ಅಂತ ಅವರು ಬೇಸರ ಮಾಡಿಕೊಂಡಾರು ಅಂತ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಇದರಿಂದ ಏನೂ ಆಗಲಿಕ್ಕಿಲ್ಲ ಅಂತ ಹೆದರಿಕೆ. ಮಲಗಿದ ಒಂಟೆಯನ್ನು ಓದಿದ ಮಕ್ಕಳು ಊರೂರಿಗೂ ಇದ್ದರು.

ಶಾಲೆಗಳಿಗೆ ಕರೆದಾಗ ಹೋಗುತ್ತಿದ್ದೆ. ಮಕ್ಕಳು ಬಿಳಿ ಹಾಳೆ ತೋರಿಸಿ, ಒಂಟಿ ಮುಂದ ಏನು ಮಾಡಿತು ಅಂತ ಕೇಳುತ್ತಿದ್ದರು. ಮೊದಲಿನ ಪುಸ್ತಕದಾಗ ಮಲಗಿತ್ತಲ್ಲ ಅಂತ ದೊಡ್ಡ ಹುಡುಗರು ವಾದ ಮಾಡುತ್ತಿದ್ದರು. ಹೂದಾನಿಯ ಕಾಲ ಮುಗಿದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಆ ಪುಸ್ತಕದಲ್ಲಿ ನಾನು ತಪ್ಪು ಬರೆದಿದ್ದೆ. ನಾನು ಹಳೆ ಗಾದಿಯ ಮೇಲೆ ಕೂತು ಬರೆಯುವವಳು, ಒಂಟೆ ನನ್ನದಲ್ಲ. ನಿಮ್ಮ ಮನೆಗೆ ಗಾದಿ ಹೊಲಿಯಲು ಬಿಲ್ಲು ತೆಗೆದುಕೊಂಡು ಒಬ್ಬರು ಬರುತ್ತಾರಲ್ಲ, ಅದು ಎಲ್ಲಿ ನಿಂತಿದೆ ಅಂತ ಅವರಿಗೆ ಮಾತ್ರ ಗೊತ್ತು. ದೊಡ್ಡವರ ಎದುರು ತಪ್ಪೊಪ್ಪಿಕೊಳ್ಳುವುದು ನನಗೆ ಬರುವುದಿಲ್ಲ. ಮಕ್ಕಳ ಎದುರು ಸುಲಭವಾಗಿ ಬಂತು.

ಆ ವರ್ಷದ ಬಿಸಿಲು ಬಿದ್ದ ಮೇಲೆ ಅವರು ಮುಂಡರಗಿಗೆ ಹೋದರು. ಒಂದೇ ಗಾದಿಯ ಕೆಲಸ, ಮಧ್ಯಾಹ್ನಕ್ಕೆ ಬರುತ್ತೇನೆ ಅಂದಿದ್ದರು. ಮಧ್ಯಾಹ್ನ ದಾಟಿತು, ಸಂಜೆಯ ಎರಡು ಬಸ್ಸು ಬಂದು ಹೋದವು. ದೀಪ ಹಚ್ಚುವ ಹೊತ್ತಿಗೆ ಬಂದರು. ಬಿಲ್ಲನ್ನು ಜಂತಿಗೆ ಕಟ್ಟಿದರು, ಕಾಲು ತೊಳೆದರು. ಊಟಕ್ಕೆ ಕರೆದರೆ ದನಿ ಹೊರಡಲಿಲ್ಲ. ಗಂಟಲು ಪೂರ್ತಿ ಕೂತಿತ್ತು.

"ಏನಾತ್ರಿ?"

ಅವರು ಸನ್ನೆ ಮಾಡಿ ನೀರು ಕೇಳಿದರು. ಕುಡಿದು ಪಿಸುದನಿಯಲ್ಲಿ ಹೇಳಿದರು.

"ಆ ಸಿಟ್ಟಿನ ಹುಡಿಗಿ ಪುಸ್ತಕ ಹಿಡಕೊಂಡು ಬಾಗಲದಾಗ ಕುಂತಿತ್ತು. ಕಡೀ ಹಾಳ್ಯಾಗ ಏನೂ ಇಲ್ಲ, ನೀವ ಹೇಳ್ರಿ ಕಾಕಾ, ನಿಮಗ ಗೊತ್ತೈತಂತ, ಬರದಾಕೀನ ಹೇಳ್ಯಾಳ ಅಂತು. ಓಣಿ ಹುಡುಗೂರೆಲ್ಲಾ ಬಂದ್ವು. ಬಿಡಂಗಿಲ್ಲ ಅಂದ್ವು."

"ಎಲ್ಲಿಗೆ ಬಂತು ಒಂಟಿ?"

"ಮುಂದಿನ ವರ್ಷ ಹೇಳ್ತೀನಿ" ಅಂದರು. ಅನ್ನಕ್ಕೆ ಸಾರು ಎರಡು ಸಲ ಹಾಕಿಸಿಕೊಂಡರು.

ಮರುದಿನ ಮಧ್ಯಾಹ್ನ ನಾನು ಅಂಗನವಾಡಿಯಿಂದ ಬಂದಾಗ ಅವರು ಹಿಂಜುತ್ತಿದ್ದರು. ಗಾದಿಯ ಮೇಲೆ ಹತ್ತಿದೆ. ಹೊಸದೇನೂ ಬರೆದಿರಲಿಲ್ಲ.

"ಆ ಪುಸ್ತಕ ಓದು" ಅಂದರು. ದನಿ ಇನ್ನೂ ಒಡೆದೇ ಇತ್ತು. "ಕಡೀದು."

ಒಂಟೆ ಮುಂಡರಗಿಯ ಬಾಗಿಲಿಗೆ ಬಂದು ನಿಲ್ಲುವ ಪುಟ ಓದಿದೆ. ಕೆಳಗೆ ಡಂಯ್ ಡಂಯ್ ನಡೆದೇ ಇತ್ತು. ಕೊನೆಯ ಸಾಲು ಓದಿ, ಹಾಳೆ ತಿರುವಿ, ಬಿಳಿ ಪುಟವನ್ನು ಅವರ ಕಡೆ ಹಿಡಿದೆ. ಎತ್ತಿದ ಕೊಡತಿ ಮೇಲೆಯೇ ನಿಂತಿತು. ಬಹಳ ಹೊತ್ತು ನಿಂತಿತು. ಆದರೆ ನಾನು ಈ ಸಲ ಮೋಸ ಹೋಗುವವಳಲ್ಲ.

"ಕೈ ಯಾಕ ನಿಂತೈತಿ? ಬಾಯಿ ಬಿಟ್ಟು ಹೇಳ್ರಿ."

ಅವರು ಕೊಡತಿ ಕೆಳಗಿಟ್ಟು ಎದ್ದು ಬಂದರು. ರೆಪ್ಪೆಗೆ ಹತ್ತಿದ್ದ ಅರಳೆಯನ್ನು ಒರೆಸಿಕೊಂಡು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಆ ಖಾಲಿ ಹಾಳೆಯನ್ನು ಮೇಲಿಂದ ಕೆಳಗಿನತನಕ ಓದುವವರ ಹಾಗೆ ನೋಡಿದರು.

"ಇಷ್ಟು ವರ್ಷದಾಗ ಇದೊಂದು ಹಾಳಿ ಚಲೋ ಬರದಿ ನೋಡು" ಅಂದರು.